ಬ್ರ್ಯಾಂಡ್ ಕಂಪ್ಯೂಟರ್ ತಗೊಳ್ಳಲೋ, ಅಸೆಂಬಲ್ ಮಾಡಿಸಲೋ?

ಪ್ರಶ್ನೆ: ತಿಪಟೂರಿನಲ್ಲಿ ನಮ್ಮದೊಂದು ಸಣ್ಣ ಫೋಟೊ ಸ್ಟುಡಿಯೊ ಇದೆ. ಮದುವೆ, ಗೃಹಪ್ರವೇಶದ ಫೋಟೊ ಮತ್ತು ವಿಡಿಯೊ ಕೆಲಸ. ಆಲ್ಬಂ ಡಿಸೈನ್ ಫೋಟೊಶಾಪ್‌ನಲ್ಲಿ, ವಿಡಿಯೊ ಎಡಿಟಿಂಗ್ ಎಡಿಯಸ್‌ನಲ್ಲಿ. ಈಗಿರುವ ಸಿಸ್ಟಂ 2018ರಲ್ಲಿ ಅಸೆಂಬಲ್ ಮಾಡಿಸಿದ್ದು. 8ನೇ ಜನರೇಷನ್ ಐ5, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಇವೆ. ಹೊಸ ಕ್ಯಾಮೆರಾ ತಗೊಂಡ ಮೇಲೆ ಅದರ 4ಕೆ 10 ಬಿಟ್ ವಿಡಿಯೊ ಟೈಮ್‌ಲೈನ್‌ನಲ್ಲಿ ಓಡುತ್ತಲೇ ಇಲ್ಲ, ನಿಂತು ನಿಂತು ಬರುತ್ತದೆ. ಒಂದೂಕಾಲು ಲಕ್ಷದವರೆಗೆ ಹಾಕಬಲ್ಲೆ. ಬೆಂಗಳೂರಿನಲ್ಲಿರುವ ನನ್ನ ಭಾವಮೈದುನ ‘ಒಳ್ಳೆ ಬ್ರ್ಯಾಂಡಿನದೇ ತಗೊಳ್ಳಿ ಭಾವ, ತಲೆನೋವಿರಲ್ಲ’ ಅಂತಾನೆ. ಇಲ್ಲಿನ ಗೆಳೆಯ ‘ಅದೇ ದುಡ್ಡಿಗೆ ಎರಡರಷ್ಟು ಸಿಸ್ಟಂ ಮಾಡಿಸಬಹುದು’ ಅಂತಾನೆ. ಬ್ರ್ಯಾಂಡಿಗೆ ಜಾಸ್ತಿ ಕೊಡುವುದರಲ್ಲಿ ಅರ್ಥವಿದೆಯಾ?

ಉತ್ತರ: ನಿಮ್ಮ ಕೆಲಸಕ್ಕೆ ಅಸೆಂಬಲ್ ಮಾಡಿಸುವುದೇ ಸರಿ. ಅದೂ ಪೂರ್ತಿ ಹೊಸದು ಬೇಡ. ಈಗಿರುವುದರಲ್ಲಿ ಚೆನ್ನಾಗಿರುವ ಭಾಗಗಳನ್ನು ಉಳಿಸಿಕೊಂಡು ಮಿಕ್ಕದ್ದನ್ನು ಬದಲಾಯಿಸಿ. ಆದರೆ ನಿಮ್ಮ ಗೆಳೆಯರು ಹೇಳುವ ಕಾರಣಕ್ಕಲ್ಲ. ಅದೇ ದುಡ್ಡಿಗೆ ಎರಡರಷ್ಟು ಸಿಗುವ ಕಾಲ ಈಗಿಲ್ಲ. ದೊಡ್ಡ ಕಂಪನಿಗಳು ಪ್ರೊಸೆಸರ್, ರ‍್ಯಾಮ್, ವಿಂಡೋಸ್ ಲೈಸೆನ್ಸ್ ಎಲ್ಲವನ್ನೂ ಲಕ್ಷಗಟ್ಟಲೆ ಲೆಕ್ಕದಲ್ಲಿ ಕೊಳ್ಳುತ್ತವೆ. ಅವರಿಗೆ ಬೀಳುವ ಬೆಲೆ ನಮಗೆ ಅಂಗಡಿಯಲ್ಲಿ ಬೀಳುವ ಬೆಲೆಗಿಂತ ಎಷ್ಟೋ ಕಡಿಮೆ. ಮೂವತ್ತು ನಲವತ್ತು ಸಾವಿರದ ಆಫೀಸ್ ಕಂಪ್ಯೂಟರ್ ವಿಷಯದಲ್ಲಿ, ಅಸಲಿ ವಿಂಡೋಸ್ ಸೇರಿಸಿ ಲೆಕ್ಕ ಹಾಕಿದರೆ, ಬ್ರ್ಯಾಂಡಿನದೇ ಅಗ್ಗವಾಗುವುದುಂಟು.

ಹಾಗಾದರೆ ಅಸೆಂಬಲ್ ಯಾಕೆ? ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ನೀವೇ ತೀರ್ಮಾನಿಸಬಹುದು, ಅದಕ್ಕೆ. ಷೋರೂಮಿನಲ್ಲಿ ಟವರ್ ಮೇಲೆ ಅಂಟಿಸಿರುವ ಚೀಟಿ ನೋಡಿ. ಐ7, 16 ಜಿಬಿ, 512 ಜಿಬಿ ಎಸ್‌ಎಸ್‌ಡಿ, 8 ಜಿಬಿ ಗ್ರಾಫಿಕ್ಸ್ ಅಂತ ಇರುತ್ತದೆ. ಆ 16 ಜಿಬಿ ಒಂದೇ ಕಡ್ಡಿಯೋ ಎರಡೋ ಅಂತ ಇರುವುದಿಲ್ಲ. ಒಳಗಿನ ಭಾಗಗಳಿಗೆಲ್ಲ ಕರೆಂಟು ಕೊಡುವ ಎಸ್‌ಎಂಪಿಎಸ್ ಎಷ್ಟು ವ್ಯಾಟಿನದು, ಮದರ್‌ಬೋರ್ಡ್ ಯಾವುದು, ಪ್ರೊಸೆಸರ್ ಮೇಲಿನ ಕೂಲರ್ ಎಂಥದು ಅಂತಲೂ ಇರುವುದಿಲ್ಲ. ಕಂಪನಿ ಉಳಿತಾಯ ಮಾಡುವುದು ಚೀಟಿಯಲ್ಲಿ ಬರೆಯದ ಈ ಜಾಗಗಳಲ್ಲೇ. ರ‍್ಯಾಮ್ ಒಂದೇ ಕಡ್ಡಿಯಾದರೆ ಪ್ರೊಸೆಸರಿಗೆ ಡೇಟಾ ಬರುವ ದಾರಿ ಎರಡರ ಬದಲು ಒಂದೇ ಆಗುತ್ತದೆ. ಬಿಲ್ಲು ಬರೆಯುವ ಕೆಲಸಕ್ಕೆ ಇದರಿಂದ ಏನೂ ಆಗುವುದಿಲ್ಲ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಬಳಸುವವರಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ನಿಮ್ಮ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದದ್ದೊಂದಿದೆ. ಟೈಮ್‌ಲೈನ್ ನಿಂತು ನಿಂತು ಬರುವುದು ಕಂಪ್ಯೂಟರ್ ಒಟ್ಟಾರೆ ಹಳೆಯದು ಅನ್ನುವ ಕಾರಣಕ್ಕೆ ಮಾತ್ರ ಅಲ್ಲ. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳು ಹೆಚ್ಚು ಬಣ್ಣದ ವಿವರ ಹಿಡಿಯಲು 10 ಬಿಟ್ 4:2:2 ಅನ್ನುವ ರೀತಿಯಲ್ಲಿ ರೆಕಾರ್ಡ್ ಮಾಡುತ್ತವೆ. ಅದನ್ನು ಎಚ್.265 ವಿಧಾನದಲ್ಲಿ ಗಟ್ಟಿಯಾಗಿ ಒತ್ತಿ ಕಾರ್ಡಿನಲ್ಲಿ ಇಡುತ್ತವೆ. ಎಡಿಟ್ ಮಾಡುವಾಗ ಒಂದೊಂದು ಫ್ರೇಮನ್ನೂ ಬಿಚ್ಚಬೇಕು. ಆ ಬಿಚ್ಚುವ ಕೆಲಸಕ್ಕೆಂದೇ ಪ್ರೊಸೆಸರ್ ಒಳಗೆ ಅಥವಾ ಗ್ರಾಫಿಕ್ಸ್ ಕಾರ್ಡಿನಲ್ಲಿ ಬೇರೆ ಭಾಗ ಇರುತ್ತದೆ. ಇಂಟೆಲ್ ಇದಕ್ಕೆ ಕ್ವಿಕ್ ಸಿಂಕ್ ಅನ್ನುತ್ತದೆ. 8ನೇ ಜನರೇಷನ್ನಿನ ಕ್ವಿಕ್ ಸಿಂಕ್‌ಗೆ ಎಚ್.265 ಗೊತ್ತು, ಅದರ 4:2:2 ಗೊತ್ತಿಲ್ಲ. ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಅದು ಬಂದದ್ದು 11ನೇ ಜನರೇಷನ್ನಿನಿಂದ. ಎನ್ವಿಡಿಯಾ ಕಂಪನಿಯ ಗ್ರಾಫಿಕ್ಸ್ ಕಾರ್ಡುಗಳಿಗೆ 2025ರಲ್ಲಿ ಬಂದ ಆರ್‌ಟಿಎಕ್ಸ್ 50 ಸರಣಿಯವರೆಗೂ ಅದು ಬಂದಿರಲಿಲ್ಲ. ಹಾಗಾಗಿ ನಿಮ್ಮಲ್ಲಿ ಆ ಕೆಲಸವೆಲ್ಲ ಪ್ರೊಸೆಸರಿನ ಕೋರ್‌ಗಳ, ಅಂದರೆ ಉಳಿದೆಲ್ಲ ಕೆಲಸ ಮಾಡುವ ಸಾಮಾನ್ಯ ಭಾಗಗಳ ಮೇಲೆ ಬೀಳುತ್ತಿದೆ, ಅವಕ್ಕೆ ತಡೆಯಲು ಆಗುತ್ತಿಲ್ಲ.

ಈಗ ಷೋರೂಮಿನ ಆ ಐ7 ಟವರಿಗೆ ಬನ್ನಿ. ಗ್ರಾಫಿಕ್ಸ್ ಕಾರ್ಡ್ ಇರುವ ಬ್ರ್ಯಾಂಡ್ ಟವರುಗಳಲ್ಲಿ ಹೆಸರಿನ ಕೊನೆಗೆ ‘ಎಫ್’ ಅಕ್ಷರ ಇರುವ ಪ್ರೊಸೆಸರ್ ಹಾಕುವುದು ತುಂಬ ಸಾಮಾನ್ಯ. ಎಫ್ ಇದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ, ಅಂದರೆ ಕ್ವಿಕ್ ಸಿಂಕ್ ಕೂಡ ಇಲ್ಲ. ಜೊತೆಗೆ ಆರ್‌ಟಿಎಕ್ಸ್ 40 ಸರಣಿಯ ಕಾರ್ಡ್ ಇದ್ದರೆ ಅದಕ್ಕೂ 4:2:2 ಬಿಚ್ಚಲು ಬರುವುದಿಲ್ಲ. ಒಂದೂಕಾಲು ಲಕ್ಷ ಕೊಟ್ಟು ತಂದ ಕಂಪ್ಯೂಟರಿನಲ್ಲಿ ನಿಮ್ಮ ಕ್ಯಾಮೆರಾದ ವಿಡಿಯೊ ಮತ್ತೆ ಕೋರ್‌ಗಳ ಮೇಲೇ ಬೀಳುತ್ತದೆ. ಗೇಮ್ ಆಡುವವರಿಗೆ ಅದು ಒಳ್ಳೆಯ ಕಂಪ್ಯೂಟರೇ. ನಿಮಗಲ್ಲ. ಬ್ರ್ಯಾಂಡಿನವರು ಎಲ್ಲರಿಗೂ ಒಪ್ಪುವ ಹತ್ತು ಹದಿನೈದು ಮಾದರಿ ಮಾಡುತ್ತಾರೆ. ನಿಮ್ಮ ಕ್ಯಾಮೆರಾ, ನಿಮ್ಮ ಎಡಿಯಸ್ ಅವರ ಲೆಕ್ಕದಲ್ಲಿ ಇರುವುದಿಲ್ಲ.

ಎಸ್‌ಎಂಪಿಎಸ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಕೊಳ್ಳುವಾಗ ಯಾರೂ ಇದನ್ನು ಕೇಳುವುದಿಲ್ಲ. ದೊಡ್ಡ ಬ್ರ್ಯಾಂಡುಗಳ ಆಫೀಸ್ ಟವರುಗಳಲ್ಲಿ ಹೆಚ್ಚಾಗಿ 180ರಿಂದ 300 ವ್ಯಾಟ್‌ನ ಎಸ್‌ಎಂಪಿಎಸ್ ಇರುತ್ತದೆ. ಅದರ ಆಕಾರ, ಕನೆಕ್ಟರ್ ಎರಡೂ ಆ ಕಂಪನಿಗೇ ಮೀಸಲು. ಮುಂದೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಹಾಕೋಣ ಅಂದರೆ ಕರೆಂಟು ಸಾಲುವುದಿಲ್ಲ. ಎಸ್‌ಎಂಪಿಎಸ್ ಬದಲಾಯಿಸೋಣ ಅಂದರೆ ಮಾರುಕಟ್ಟೆಯ ಎಸ್‌ಎಂಪಿಎಸ್ ಆ ಬೋರ್ಡಿಗೆ ಕೂರುವುದಿಲ್ಲ. ಬೋರ್ಡ್ ಬದಲಾಯಿಸೋಣ ಅಂದರೆ ಆ ಕ್ಯಾಬಿನೆಟ್ಟಿಗೆ ಬೇರೆ ಬೋರ್ಡ್ ಕೂರುವುದಿಲ್ಲ. ನನ್ನ ಹತ್ತಿರ ರಿಪೇರಿಗೆ ಬಂದ ಒಂದು ಟವರಿನಲ್ಲಿ ಹಾಳಾಗಿದ್ದದ್ದು ಎಸ್‌ಎಂಪಿಎಸ್ ಮಾತ್ರ. ವಾರಂಟಿ ಮುಗಿದಿತ್ತು. ಕಂಪನಿಯಲ್ಲಿ ಆ ಭಾಗ ಸಿಗುವುದು ನಿಂತುಹೋಗಿತ್ತು. ಪ್ರೊಸೆಸರ್, ರ‍್ಯಾಮ್, ಬೋರ್ಡ್ ಎಲ್ಲ ಚೆನ್ನಾಗಿದ್ದ ಯಂತ್ರವನ್ನು ಒಂದು ಎಸ್‌ಎಂಪಿಎಸ್‌ಗಾಗಿ ಮೂಲೆಗಿಡಬೇಕಾಯಿತು. ಇಂಥದ್ದು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಭಾಗಗಳು ಒಂದಕ್ಕೊಂದು ಕೂರುವುದು ತಾನಾಗಿ ಬಂದ ಸೌಲಭ್ಯವಲ್ಲ. 1981ರಲ್ಲಿ ಐಬಿಎಂ ತನ್ನ ಪಿಸಿಯನ್ನು ಹೊರಗಿನಿಂದ ಕೊಂಡ ಭಾಗಗಳಿಂದಲೇ ಕಟ್ಟಿತು, ಅದರ ವಿನ್ಯಾಸವನ್ನೂ ಬಹುಮಟ್ಟಿಗೆ ಬಹಿರಂಗವಾಗಿಟ್ಟಿತು. ಅದನ್ನು ನೋಡಿ ಬೇರೆಯವರೂ ಅಂಥದ್ದೇ ಪಿಸಿ ಮಾಡತೊಡಗಿದರು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಅನ್ನುವ ಅಳತೆ ತಂದಿತು. ಬೋರ್ಡಿನ ತೂತುಗಳು ಎಲ್ಲೆಲ್ಲಿರಬೇಕು, ಎಸ್‌ಎಂಪಿಎಸ್ ಎಷ್ಟು ದೊಡ್ಡದಿರಬೇಕು, ವೈರಿನ ತುದಿ ಹೇಗಿರಬೇಕು ಎಲ್ಲವೂ ಅದರಲ್ಲಿದೆ. ನಿಮ್ಮ 2018ರ ಕ್ಯಾಬಿನೆಟ್ಟಿಗೆ ಈಗಿನ ಬೋರ್ಡ್ ಕೂರುವುದು ಆ ಅಳತೆಯ ದಯೆಯಿಂದ. ಜಾಸ್ತಿ ದುಡ್ಡಿನ ಬ್ರ್ಯಾಂಡ್ ಟವರುಗಳಲ್ಲೂ ಈ ಅಳತೆ ಮೀರುವವರಿದ್ದಾರೆ. ಅದಕ್ಕೇ ಬ್ರ್ಯಾಂಡಿನದು ತಗೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ಬೋರ್ಡ್ ಮತ್ತು ಎಸ್‌ಎಂಪಿಎಸ್ ಎಟಿಎಕ್ಸ್ ಅಳತೆಯದೇ ಅಂತ ಬರವಣಿಗೆಯಲ್ಲಿ ಕೇಳಿ ತಗೊಳ್ಳಿ.

ಇನ್ನು ನಿಮ್ಮ ಭಾವಮೈದುನರ ಮಾತು. ತಲೆನೋವಿರಲ್ಲ ಅಂದದ್ದರಲ್ಲಿ ನಿಜವಿದೆ. ಬ್ರ್ಯಾಂಡಿಗೆ ಕೊಡುವ ಹೆಚ್ಚಿನ ಹಣದಲ್ಲಿ ಬೆಲೆ ಬಾಳುವ ಭಾಗ ಅಂದರೆ ಜವಾಬ್ದಾರಿ. ಕೆಟ್ಟರೆ ಒಂದೇ ನಂಬರಿಗೆ ಫೋನ್, ಒಬ್ಬರೇ ಉತ್ತರ ಕೊಡುವವರು. ಹೆಸರು ದೊಡ್ಡದಾದರೆ ಭಾಗ ಕೆಡುವುದಿಲ್ಲ ಅಂತ ಮಾತ್ರ ತಿಳಿಯಬೇಡಿ. 2000ದ ದಶಕದ ಮೊದಲ ವರ್ಷಗಳಲ್ಲಿ ಮದರ್‌ಬೋರ್ಡುಗಳ ಕೆಪಾಸಿಟರ್‌ಗಳು ಉಬ್ಬಿ ಸೋರಿ ಕೆಡುವುದು ಜಗತ್ತಿನಾದ್ಯಂತ ಆಯಿತು. ಅಸೆಂಬಲ್ಡ್ ಸಿಸ್ಟಂಗಳ ಬೋರ್ಡುಗಳೂ ಹೋದವು, ಡೆಲ್‌ನ ಆಪ್ಟಿಪ್ಲೆಕ್ಸ್ ಜಿಎಕ್ಸ್270, ಜಿಎಕ್ಸ್280ನಂಥ ಆಫೀಸ್ ಯಂತ್ರಗಳೂ ಹೋದವು. ಅದನ್ನು ಸರಿಪಡಿಸಲು ಡೆಲ್ 2005ರಲ್ಲಿ 30 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಕೆಟ್ಟದ್ದು ಇಬ್ಬರದೂ. ಬೋರ್ಡ್ ಬದಲಾಯಿಸಿ ಕೊಡಿ ಅಂತ ಒಂದು ದೊಡ್ಡ ಕಂಪನಿಯನ್ನು ಕೇಳುವ ಹಕ್ಕು ಇದ್ದದ್ದು ಬ್ರ್ಯಾಂಡ್ ಕೊಂಡವರಿಗೆ.

ಇತ್ತೀಚಿನದು ಬೇಕಾದರೆ ಇಂಟೆಲ್‌ನ 13 ಮತ್ತು 14ನೇ ಜನರೇಷನ್ನಿನ ಕೆಲವು ಪ್ರೊಸೆಸರ್‌ಗಳ ಕಥೆ ನೋಡಿ. ಅತಿಯಾದ ವೋಲ್ಟೇಜಿನಿಂದ ಅವು ಬರಬರುತ್ತಾ ಹಾಳಾಗುತ್ತಿದ್ದವು. 2024ರಲ್ಲಿ ಇಂಟೆಲ್ ಒಪ್ಪಿಕೊಂಡು ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಪೆಟ್ಟಿಗೆ ಸಮೇತ ಪ್ರೊಸೆಸರ್ ಕೊಂಡವರು ನೇರವಾಗಿ ಇಂಟೆಲ್‌ಗೇ ಹೋಗಬಹುದಿತ್ತು. ಪೆಟ್ಟಿಗೆಯಿಲ್ಲದೆ ‘ಟ್ರೇ’ ಅಂತ ಸ್ವಲ್ಪ ಅಗ್ಗಕ್ಕೆ ಕೊಂಡವರು ತಮಗೆ ಮಾರಿದವನನ್ನೇ ಹುಡುಕಬೇಕಾಯಿತು. ಹಾಗಾಗಿ ಅಸೆಂಬಲ್ ಮಾಡಿಸುವಾಗ ಟ್ರೇ ಪ್ರೊಸೆಸರ್ ಬೇಡವೇ ಬೇಡ. ಒಂದೆರಡು ಸಾವಿರಕ್ಕೆ ಆಸೆ ಪಟ್ಟು ಆ ಹಕ್ಕನ್ನು ಬಿಟ್ಟುಕೊಡಬೇಡಿ.

ಈ ಜವಾಬ್ದಾರಿಗೆ ನಿಮ್ಮ ಊರಲ್ಲಿ ಎಷ್ಟು ಬೆಲೆ ಅನ್ನುವುದನ್ನು ನೀವೇ ಕಂಡುಕೊಳ್ಳಬಹುದು. ಯಾವ ಬ್ರ್ಯಾಂಡ್ ಮನಸ್ಸಿನಲ್ಲಿದೆಯೋ ಅದರ ಸರ್ವೀಸ್ ನಂಬರಿಗೆ ಫೋನ್ ಮಾಡಿ, ನಿಮ್ಮ ಪಿನ್‌ಕೋಡ್ ಕೊಟ್ಟು, ಎಂಜಿನಿಯರ್ ಅಂಗಡಿಗೇ ಬರುತ್ತಾರಾ, ಎಷ್ಟು ದಿನದಲ್ಲಿ ಅಂತ ಕೇಳಿ. ಮನೆಬಳಕೆಯ ಮಾದರಿಗಳ ವಾರಂಟಿ ಬೇರೆ, ಕಂಪನಿಗಳಿಗೆ ಮಾರುವ ಮಾದರಿಗಳ ವಾರಂಟಿ ಬೇರೆ. ಎರಡನೆಯದರಲ್ಲಿ ಮರುದಿನವೇ ಬರುವ, ಮೂರು ವರ್ಷದ ಸೇವೆ ಸಿಗುತ್ತದೆ. ಲಗ್ನಸರಾದಲ್ಲಿ ವಾರವಿಡೀ ಸಿಸ್ಟಂ ನಿಂತರೆ ನಿಮಗಾಗುವ ನಷ್ಟ ಎಷ್ಟು ಅಂತ ನಿಮಗೇ ಗೊತ್ತು. ಆ ಮೊತ್ತ ಬ್ರ್ಯಾಂಡಿಗೆ ಕೊಡುವ ಹೆಚ್ಚಿನ ಹಣಕ್ಕಿಂತ ದೊಡ್ಡದಿದ್ದು, ನಿಮ್ಮೂರಲ್ಲಿ ಒಳ್ಳೆಯ ಅಸೆಂಬ್ಲರ್ ಯಾರೂ ಇಲ್ಲದಿದ್ದರೆ, ನಿಮ್ಮ ಭಾವಮೈದುನರ ಮಾತೇ ಸರಿ. ಆದರೆ ನಿಮಗೆ ಬಿಡಿಭಾಗ ಬದಲಾಯಿಸುವ ಗೆಳೆಯರು ಪಕ್ಕದಲ್ಲೇ ಇದ್ದಾರೆ. ಎಸ್‌ಎಂಪಿಎಸ್ ಹೋದರೆ ಅದೇ ದಿನ ತುಮಕೂರಿನಿಂದ ತರಿಸಿ ಹಾಕಬಹುದು. ಬಿಡಿಭಾಗದ ವಾರಂಟಿಗೆ ಕಳುಹಿಸಿದರೆ ವಾಪಸ್ ಬರಲು ವಾರಗಳೇ ಹಿಡಿಯುತ್ತವೆ, ಅದು ನಿಜ. ಅದಕ್ಕೆ ಪರಿಹಾರವನ್ನು ಭಾಗಗಳ ಆಯ್ಕೆಯಲ್ಲೇ ಇಟ್ಟುಕೊಳ್ಳಬೇಕು, ಮುಂದೆ ಹೇಳುತ್ತೇನೆ.

ಆ್ಯಪಲ್ ಬಗ್ಗೆಯೂ ಯಾರಾದರೂ ಹೇಳಿಯೇ ಇರುತ್ತಾರೆ. ಅಸೆಂಬಲ್ ಮಾಡಿ ಸರಿಗಟ್ಟಲು ಕಷ್ಟವಾದ ಬ್ರ್ಯಾಂಡ್ ಯಂತ್ರ ಅಂದರೆ ಎಂ4 ಚಿಪ್ಪಿನ ಮ್ಯಾಕ್ ಮಿನಿ. 2024ರ ನವೆಂಬರಿನಲ್ಲಿ 16 ಜಿಬಿ ರ‍್ಯಾಮ್, 256 ಜಿಬಿ ಸ್ಟೋರೇಜಿನೊಂದಿಗೆ 59,900 ರೂಪಾಯಿಗೆ ಬಂತು. 4:2:2 ವಿಡಿಯೊವನ್ನು ಸಲೀಸಾಗಿ ಬಿಚ್ಚುತ್ತದೆ, ಕರೆಂಟು ಬಹಳ ಕಡಿಮೆ ಸಾಕು, ಸದ್ದಿಲ್ಲ. ಆದರೆ ಅಲ್ಲಿಂದ ಮೇಲೆ ಹತ್ತಿದರೆ ಲೆಕ್ಕ ಬದಲಾಗುತ್ತದೆ. 256ರಿಂದ 512 ಜಿಬಿಗೆ ಹೋಗಲು 20,000, ರ‍್ಯಾಮನ್ನು 16ರಿಂದ 24ಕ್ಕೆ ಏರಿಸಲು ಮತ್ತೆ 20,000. ರ‍್ಯಾಮ್ ಚಿಪ್ಪಿನ ಜೊತೆಯಲ್ಲೇ ಕೂತಿರುವುದರಿಂದ ಕೊಂಡ ಮೇಲೆ ಯಾವತ್ತೂ ಏರಿಸಲಾಗದು. ಹೊಸದಾಗಿ ಶುರು ಮಾಡುವವರಿಗೆ, ಫೈನಲ್ ಕಟ್ ಅಥವಾ ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ಬಳಸುವವರಿಗೆ ನಾನು ಧೈರ್ಯವಾಗಿ ಇದನ್ನೇ ಹೇಳುತ್ತೇನೆ. ನಿಮಗೆ ಆಗುವುದಿಲ್ಲ. ಎಡಿಯಸ್ ವಿಂಡೋಸಿನಲ್ಲಿ ಮಾತ್ರ ಓಡುತ್ತದೆ. ಇಷ್ಟು ವರ್ಷದ ಪ್ರಾಜೆಕ್ಟ್ ಫೈಲುಗಳು, ಕೈಗೆ ಹತ್ತಿದ ಶಾರ್ಟ್‌ಕಟ್‌ಗಳನ್ನೆಲ್ಲ ಬಿಟ್ಟು ಹೋಗಲು ನಾನು ಹೇಳುವುದಿಲ್ಲ.

ಈಗ ರ‍್ಯಾಮ್. ಇದು ಸದ್ಯ ಎಲ್ಲ ಲೆಕ್ಕವನ್ನೂ ಕೆಡಿಸಿರುವ ವಸ್ತು. ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ಬೆಲೆ ಸಿಕ್ಕಾಪಟ್ಟೆ ಏರಿತು. ಜಗತ್ತಿನ ಬಹುಪಾಲು ರ‍್ಯಾಮ್ ಚಿಪ್ ಮಾಡುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಅನ್ನುವ ಮೂರೇ ಕಂಪನಿಗಳು. ಅವರಲ್ಲಿ ಮೈಕ್ರಾನ್, ನಮ್ಮಂಥವರಿಗೆ ಮಾರುತ್ತಿದ್ದ ಕ್ರೂಶಿಯಲ್ ವ್ಯವಹಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರಿನಲ್ಲಿ ಹೇಳಿತು. ಇಂಥ ಹೊತ್ತಿನಲ್ಲಿ, ಹಳೆಯ ದರದಲ್ಲಿ ಮಾಡಿಟ್ಟ ಬ್ರ್ಯಾಂಡ್ ಕಂಪ್ಯೂಟರ್ ಅಂಗಡಿಯಲ್ಲಿ ಇದ್ದರೆ ಅದು ಬಿಡಿಭಾಗಗಳ ಮೊತ್ತಕ್ಕಿಂತ ಅಗ್ಗವಾಗಬಹುದು. 2020-21ರಲ್ಲಿ ಗ್ರಾಫಿಕ್ಸ್ ಕಾರ್ಡುಗಳು ಸಿಗದೆ ಇದ್ದಾಗಲೂ ಹೀಗೇ ಆಗಿತ್ತು. ಒಂದು ಕಾರ್ಡ್ ಬೇಕು ಅಂತ ಇಡೀ ಬ್ರ್ಯಾಂಡ್ ಕಂಪ್ಯೂಟರನ್ನೇ ಕೊಂಡವರಿದ್ದರು. ಆದ್ದರಿಂದ ಹೋಲಿಸುವಾಗ ಎರಡೂ ಕಡೆಯ ಕೊಟೇಶನ್ ಒಂದೇ ದಿನದ್ದಾಗಿರಲಿ. ಹೋದ ವರ್ಷ ಯಾರೋ ಹೇಳಿದ ಬೆಲೆಯನ್ನು ನಂಬಿ ಕೂರಬೇಡಿ.

ನಿಮಗೆ ಇಲ್ಲೊಂದು ಅನುಕೂಲವಿದೆ. ನಿಮ್ಮ ಹತ್ತಿರ ಎರಡು ಒಳ್ಳೆಯ ಡಿಡಿಆರ್4 ಕಡ್ಡಿಗಳಿವೆ. ಇಂಟೆಲ್‌ನ 12, 13, 14ನೇ ಜನರೇಷನ್ ಪ್ರೊಸೆಸರ್‌ಗಳಿಗೆ ಡಿಡಿಆರ್4 ಹಾಕುವ ಬೋರ್ಡುಗಳೂ ಬಂದಿವೆ. ಬಿ760 ಚಿಪ್‌ಸೆಟ್ಟಿನ, ಡಿಡಿಆರ್4ನ, ನಾಲ್ಕು ರ‍್ಯಾಮ್ ಸ್ಲಾಟ್ ಇರುವ ಬೋರ್ಡ್ ಹುಡುಕಿ. ಈಗಿರುವ ಎರಡು ಕಡ್ಡಿ ಹಾಕಿ, ಅದೇ ವೇಗದ ಇನ್ನೆರಡು 8 ಜಿಬಿ ಸೇರಿಸಿದರೆ 32 ಜಿಬಿ ಆಯಿತು. ಡಿಡಿಆರ್5ಗಿಂತ ವೇಗ ಸ್ವಲ್ಪ ಕಡಿಮೆ. ನಿಮ್ಮ ಕೆಲಸದಲ್ಲಿ ಆ ವ್ಯತ್ಯಾಸ ಗೊತ್ತಾಗುವುದು ಕಷ್ಟ, ಉಳಿಯುವ ದುಡ್ಡು ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ಪ್ರೊಸೆಸರ್ ಐ5-14500 ಇರಲಿ, ಸಿಗದಿದ್ದರೆ ಐ5-13500. ಐ5-14400 ಸ್ವಲ್ಪ ಅಗ್ಗಕ್ಕೆ ಸಿಗುತ್ತದೆ ಅಂತ ಅಂಗಡಿಯವರು ತೋರಿಸುತ್ತಾರೆ, ಒಪ್ಪಬೇಡಿ. ಅದರೊಳಗಿನ ಯುಎಚ್‌ಡಿ 730 ಗ್ರಾಫಿಕ್ಸಿನಲ್ಲಿ ವಿಡಿಯೊ ಬಿಚ್ಚುವ ಘಟಕ ಒಂದೇ. 14500ರ ಯುಎಚ್‌ಡಿ 770ರಲ್ಲಿ ಎರಡು. ಎರಡು ಕ್ಯಾಮೆರಾದ ಮದುವೆ ಎಡಿಟ್ ಮಾಡುವವರಿಗೆ ಇದೇ ಬೇಕಾದದ್ದು. ಮೇಲೆ ಹೇಳಿದ ವೋಲ್ಟೇಜ್ ತೊಂದರೆಯ ಪಟ್ಟಿಯಲ್ಲಿ ಈ ಎರಡೂ ಐ5ಗಳು ಇರಲಿಲ್ಲ. ಆದರೂ ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್ ಆದ ಬಯೋಸ್ ಅನ್ನು ಹೊಸದಕ್ಕೆ ಅಪ್‌ಡೇಟ್ ಮಾಡಿಸಿಯೇ ತನ್ನಿ. ಎಫ್ ಅಕ್ಷರದ ಪ್ರೊಸೆಸರ್ ಬೇಡ ಅನ್ನಲು ಇನ್ನೊಂದು ಕಾರಣವೂ ಇದೆ. ಗ್ರಾಫಿಕ್ಸ್ ಕಾರ್ಡ್ ಕೆಟ್ಟು ವಾರಂಟಿಗೆ ಹೋದರೂ ಒಳಗಿನ ಗ್ರಾಫಿಕ್ಸಿನಲ್ಲೇ ಕೆಲಸ ನಡೆಯುತ್ತದೆ. ಆಗಲೇ ಹೇಳಿದ ಪರಿಹಾರ ಇದೇ. ಎಡಿಯಸ್ ಬಹಳ ವರ್ಷಗಳಿಂದ ಕ್ವಿಕ್ ಸಿಂಕ್ ನೆಚ್ಚಿಕೊಂಡು ಬಂದ ಸಾಫ್ಟ್‌ವೇರ್. ಆದರೆ ನಿಮ್ಮದು ತುಂಬ ಹಳೆಯ ಆವೃತ್ತಿಯಾದರೆ ಹೊಸ ಪ್ರೊಸೆಸರಿನ ಈ ಅನುಕೂಲ ಪೂರ್ತಿ ಸಿಗದಿರಬಹುದು. ಆವೃತ್ತಿ ಏರಿಸುವ ಖರ್ಚನ್ನೂ ಬಜೆಟ್ಟಿನಲ್ಲಿಡಿ.

ಗ್ರಾಫಿಕ್ಸ್ ಕಾರ್ಡಿಗೆ ಮೊದಲೇ ದುಡ್ಡು ಹಾಕಬೇಡಿ. ಬೋರ್ಡ್, ಪ್ರೊಸೆಸರ್, ರ‍್ಯಾಮ್ ಬದಲಾಯಿಸಿ ಒಂದು ಮದುವೆ ಎಡಿಟ್ ಮಾಡಿ ನೋಡಿ. ಅಷ್ಟರಲ್ಲೇ ಸಲೀಸಾದರೆ ದುಡ್ಡು ಉಳಿಯಿತು. ಮುಂದೆ ರಿಸಾಲ್ವ್‌ನಲ್ಲಿ ಕಲರ್ ಗ್ರೇಡಿಂಗ್ ಮಾಡುವ ಯೋಚನೆ ಇದ್ದರೆ ಕಾರ್ಡ್ ಬೇಕೇ ಬೇಕು, ಆಗ ಆರ್‌ಟಿಎಕ್ಸ್ 50 ಸರಣಿಗಿಂತ ಕೆಳಗೆ ಹೋಗಬೇಡಿ. ಆ ಸರಣಿಯ 5060 ಟಿಐ 180 ವ್ಯಾಟ್ ಎಳೆಯುತ್ತದೆ. ಅದನ್ನು ಮನಸ್ಸಿನಲ್ಲಿಟ್ಟು ಎಸ್‌ಎಂಪಿಎಸ್ ಈಗಲೇ 650 ವ್ಯಾಟಿನದು ಹಾಕಿಸಿ. 2018ರ ಎಸ್‌ಎಂಪಿಎಸ್ ಮುಂದುವರಿಸಬೇಡಿ, ಅದು ತನ್ನ ಕೆಲಸ ಮಾಡಿ ಮುಗಿಸಿದೆ. ಹೊಸದರ ಪೆಟ್ಟಿಗೆಯ ಮೇಲೆ 80 ಪ್ಲಸ್ ಅಂತ ಇರುತ್ತದೆ. ಅದು ಎಷ್ಟು ಕರೆಂಟು ವ್ಯರ್ಥವಾಗುತ್ತದೆ ಅನ್ನುವುದರ ಗುರುತು. ಎಷ್ಟು ಕಾಲ ಬಾಳುತ್ತದೆ ಅನ್ನುವುದರ ಗುರುತಲ್ಲ. ಬಾಳಿಕೆಗೆ ವಾರಂಟಿ ನೋಡಿ. ಕನಿಷ್ಠ 5 ವರ್ಷ, ಸಾಧ್ಯವಾದರೆ 7. ಬಣ್ಣದ ಲೈಟಿನ ಫ್ಯಾನು, ಗಾಜಿನ ಕ್ಯಾಬಿನೆಟ್ ಯಾವುದೂ ಬೇಡ. ಹಳೆಯ ಕ್ಯಾಬಿನೆಟ್ ತೊಳೆದು ಒರೆಸಿ, ಮುಂದೊಂದು ಹಿಂದೊಂದು ಫ್ಯಾನ್ ಹಾಕಿಸಿ. ಎಡಿಟಿಂಗ್‌ಗೆ 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ, ವಿಂಡೋಸ್‌ಗೆ ಬೇರೆ ಎಸ್‌ಎಸ್‌ಡಿ. ಹಳೆಯ ಹಾರ್ಡ್ ಡಿಸ್ಕನ್ನು ಮುಖ್ಯ ಕೆಲಸದಿಂದ ತೆಗೆಯಿರಿ.

ಕೊಳ್ಳಲು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವುದಾದರೆ ಪಟ್ಟಿ ಬರೆದುಕೊಂಡೇ ಹೋಗಿ. ಮಾದರಿ ನಂಬರ್ ಪೂರ್ತಿ ಇರಲಿ. ‘ಇದರ ಬದಲು ಇದು ತಗೊಳ್ಳಿ, ಎರಡೂ ಒಂದೇ’ ಅಂದರೆ ಅಲ್ಲೇ ತೀರ್ಮಾನ ಮಾಡಬೇಡಿ, ಹೊರಗೆ ಬಂದು ಗೆಳೆಯರಿಗೆ ಫೋನ್ ಮಾಡಿ. ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿ. ಬಿಲ್ಲಿಲ್ಲದೆ ಶೇ 18 ಉಳಿಸಿಕೊಡುತ್ತೇವೆ ಅನ್ನುವವರ ಹತ್ತಿರ ವಾರಂಟಿ ಕೇಳಲು ಹೋದಾಗ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ನೀವು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಆ ತೆರಿಗೆ ಸಾಮಾನ್ಯವಾಗಿ ಕ್ರೆಡಿಟ್ ಆಗಿ ವಾಪಸ್ ಸಿಗುತ್ತದೆ, ಅಲ್ವಾ? ಅಲ್ಲೇ ಕೂಡಿಸಿ ತಂದರೆ, ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದರೆ ಬಸ್ಸೋ ರೈಲೋ ಹತ್ತುವ ಮುಂಚೆ ಅದನ್ನು ಕಳಚಿ ಅದರ ಪೆಟ್ಟಿಗೆಯಲ್ಲಿಡಿ. ದಾರಿಯ ಕುಲುಕಾಟಕ್ಕೆ ಸ್ಲಾಟ್ ಮುರಿದ ಬೋರ್ಡುಗಳನ್ನು ಬೇಕಾದಷ್ಟು ನೋಡಿದ್ದೇನೆ.

ವಿಂಡೋಸ್ ವಿಷಯದಲ್ಲಿ ಅಸೆಂಬಲ್ ಮಾಡುವವರು ‘ಹಾಕಿ ಕೊಡುತ್ತೇವೆ’ ಅಂದರೆ ಯಾವುದನ್ನು ಅಂತ ಕೇಳಿ. ನಕಲಿ ವಿಂಡೋಸ್, ಕ್ರ್ಯಾಕ್ ಮಾಡಿದ ಎಡಿಟಿಂಗ್ ಸಾಫ್ಟ್‌ವೇರ್‌ಗಳಿಂದ ಸ್ಟುಡಿಯೊದವರಿಗೆ ಆಗಿರುವ ಅನಾಹುತ ಸಣ್ಣದಲ್ಲ. ಸ್ಟಾಪ್/ಡಿಜೆವು ಅನ್ನುವ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಹರಡಿದ್ದೇ ಮುಖ್ಯವಾಗಿ ಇಂಥ ಕ್ರ್ಯಾಕುಗಳ ಮೂಲಕ. ಒಂದು ರಾತ್ರಿಯಲ್ಲಿ ಎಲ್ಲ ಫೋಟೊಗಳಿಗೂ ಬೀಗ ಬೀಳುತ್ತದೆ. ಧಾರೆಯ ಫೋಟೊವನ್ನು ಇನ್ನೊಮ್ಮೆ ತೆಗೆಯಲು ಆಗುವುದಿಲ್ಲವಲ್ಲ. ಬ್ರ್ಯಾಂಡಿನದಾದರೂ, ಅಸೆಂಬಲ್ಡ್ ಆದರೂ, ವಾರಂಟಿ ಇರುವುದು ಡಿಸ್ಕಿಗೆ. ಅದರೊಳಗಿನ ಮದುವೆಗೆ ಯಾರ ವಾರಂಟಿಯೂ ಇಲ್ಲ. ಪ್ರತಿ ಕಾರ್ಯಕ್ರಮದ ಫೈಲುಗಳು ಎರಡು ಬೇರೆ ಡಿಸ್ಕುಗಳಲ್ಲಿ ಇರಲಿ, ಒಂದು ಡಿಸ್ಕ್ ಅಂಗಡಿಯಲ್ಲಿ, ಇನ್ನೊಂದು ಮನೆಯಲ್ಲಿ. ನಿಮ್ಮ ಒಂದೂಕಾಲು ಲಕ್ಷದಲ್ಲಿ ಹದಿನೈದು ಸಾವಿರವನ್ನಾದರೂ ಇದಕ್ಕೆ ತೆಗೆದಿಡಿ.

ಕರೆಂಟಿನ ಬಗ್ಗೆಯೂ ಒಂದು ಮಾತು. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆಯಾ? ಹಾಗಾದರೆ ಪ್ಲಗ್ಗಿನಲ್ಲಿ ಅರ್ಥಿಂಗ್ ಇಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಮೊದಲು ಅದನ್ನು ಸರಿ ಮಾಡಿಸಿ. ಸಾಮಾನ್ಯವಾದ 600 ವಿಎ ಯುಪಿಎಸ್ 360 ವ್ಯಾಟ್ ಮಾತ್ರ ಕೊಡುತ್ತದೆ. ಮಾನಿಟರ್, ಗ್ರಾಫಿಕ್ಸ್ ಕಾರ್ಡ್ ಎಲ್ಲ ಸೇರಿದರೆ ಅದು ಸಾಲದು, 1 ಕೆವಿಎ ತಗೊಳ್ಳಿ. ಮನೆಯ ಇನ್ವರ್ಟರ್ ಮೇಲೆಯೇ ಓಡಿಸುವುದಾದರೆ ಅದರ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿ.

ಬ್ರ್ಯಾಂಡ್ ಯಾರಿಗೆ ಸರಿ ಅನ್ನುವುದನ್ನೂ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪ್ ಬೇಕಾದವರಿಗೆ ಬೇರೆ ದಾರಿಯೇ ಇಲ್ಲ. ಸೊಸೈಟಿ, ಶಾಲೆ, ಲೆಕ್ಕ ಬರೆಯುವ ಆಫೀಸು, ಊರಲ್ಲಿರುವ ಅಪ್ಪ ಅಮ್ಮ, ಇಂಥವರಿಗೆ ಮೂರು ವರ್ಷದ ಸ್ಥಳಸೇವೆ ಇರುವ ಬ್ರ್ಯಾಂಡ್ ಯಂತ್ರವೇ ಒಳ್ಳೆಯದು. ಕೆಟ್ಟಾಗ ಕ್ಯಾಬಿನೆಟ್ ಬಿಚ್ಚಲು ಅಲ್ಲಿ ಯಾರೂ ಇರುವುದಿಲ್ಲ. ಕಡಿಮೆ ಬಜೆಟ್ಟಿನವರಿಗೆ ಇನ್ನೊಂದು ದಾರಿಯಿದೆ. ಬೆಂಗಳೂರಿನ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಆಪ್ಟಿಪ್ಲೆಕ್ಸ್, ಥಿಂಕ್‌ಸೆಂಟರ್, ಎಲೈಟ್‌ಡೆಸ್ಕ್ ಯಂತ್ರಗಳು ರಿಫರ್ಬಿಶ್ಡ್ ಅಂತ ಸಿಗುತ್ತವೆ. ಗಟ್ಟಿಮುಟ್ಟಾದ ಯಂತ್ರಗಳು. ಇಂಟೆಲ್ ಆದರೆ 8ನೇ ಜನರೇಷನ್ನಿಗಿಂತ ಹಳೆಯದು ಬೇಡ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿದೆ, 11 ಹಳೆಯವುಗಳ ಮೇಲೆ ಅಧಿಕೃತವಾಗಿ ಕೂರುವುದಿಲ್ಲ. ನಿಮ್ಮ ಅಂಗಡಿಯ ಬಿಲ್ಲಿಂಗ್‌ಗೆ, ಮಗ್ಗುಲಲ್ಲಿ ಕೂತು ಆಲ್ಬಂ ಫೋಟೊ ಆರಿಸುವವರಿಗೆ ಇಂಥದ್ದೊಂದು ಇದ್ದರೆ, ಮುಖ್ಯ ಸಿಸ್ಟಂ ನಿಂತ ದಿನ ಅದೇ ಕೈ ಹಿಡಿಯುತ್ತದೆ.

ಮುಹೂರ್ತಗಳ ನಡುವೆ ಸಿಸ್ಟಂ ಬಿಚ್ಚಬೇಡಿ. ಸದ್ಯಕ್ಕೆ ಎಡಿಯಸ್‌ನ ಪ್ರಾಕ್ಸಿ ಮೋಡ್ (ವಿಡಿಯೊದ ಹಗುರವಾದ ಪ್ರತಿಯ ಮೇಲೆ ಎಡಿಟ್ ಮಾಡುವ ವಿಧಾನ) ಬಳಸಿ, ಇಲ್ಲವೇ ಕ್ಲಿಪ್ಪುಗಳನ್ನು ಬಿಚ್ಚಲು ಸುಲಭವಾದ, ಎಡಿಯಸ್‌ನದೇ ಆದ ಎಚ್‌ಕ್ಯುಎಕ್ಸ್ ರೂಪಕ್ಕೆ ಬದಲಾಯಿಸಿಕೊಂಡು ಎಡಿಟ್ ಮಾಡಿ. ಡಿಸ್ಕಿನಲ್ಲಿ ಜಾಗ ಜಾಸ್ತಿ ತಿನ್ನುತ್ತದೆ, ಆದರೆ ನಿಮ್ಮ ಹಳೆಯ ಐ5ನಲ್ಲೂ ಟೈಮ್‌ಲೈನ್ ಓಡುತ್ತದೆ, ಒಂದು ರೂಪಾಯಿ ಖರ್ಚಿಲ್ಲ. ಆಷಾಢದಲ್ಲಿ ಹೇಗೂ ಮದುವೆ ಇರುವುದಿಲ್ಲ, ಬದಲಾವಣೆಗೆ ಅದೇ ಸರಿಯಾದ ಸಮಯ. ಕೂಡಿಸಿದ ಮೇಲೆ ಹಳೆಯ ಎರಡು ಮೂರು ಮದುವೆಗಳ ಪ್ರಾಜೆಕ್ಟ್ ತೆರೆದು ರಾತ್ರಿಯಿಡೀ ರೆಂಡರ್‌ಗೆ ಬಿಡಿ. ಕೆಡುವ ಭಾಗ ಹೆಚ್ಚಾಗಿ ಮೊದಲ ವಾರಗಳಲ್ಲೇ ಕೆಡುತ್ತದೆ, ಆಗಿನ್ನೂ ಅಂಗಡಿಯವರೇ ಬದಲಾಯಿಸಿ ಕೊಡುತ್ತಾರೆ. ಶ್ರಾವಣದ ಮೊದಲ ಬುಕಿಂಗ್ ಹೊತ್ತಿಗೆ ಸಿಸ್ಟಂ ಪೂರ್ತಿ ಸಿದ್ಧವಿರುತ್ತದೆ.